ಹುಲ್ಲಿಗೆ ಸುರಿದ ನೀರು

ಕರೆಂಟ್ ಸ್ಟೇಷನ್ನಿನ ಅಂಗಳದಲ್ಲಿ ಹನ್ನೆರಡು ಗುಂಡಿಗಳಿದ್ದವು. ಹನ್ನೆರಡಕ್ಕೂ ನೀರು ಹೊರುವುದು ನೀರಕ್ಕನ ಕೆಲಸ. ಒಂದು ಗುಂಡಿಗೆ ನಾಲ್ಕು ಕೊಡ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ನೆಲಕ್ಕೆಲ್ಲ ಜಲ್ಲಿ ಹಾಸಿದ್ದರು. ಜಲ್ಲಿ ಕಾದರೆ ಚಪ್ಪಲಿಯ ಅಟ್ಟೆ ಮೆತ್ತಗಾಗಿ ಅಂಗಾಲಿಗೆ ಅಂಟುತ್ತಿತ್ತು. ಏಳು ವರ್ಷ ಕೊಡ ಹೊತ್ತು ಅವಳ ಎಡ ಸೊಂಟದಲ್ಲಿ ಅಂಗೈಯಗಲ ಕಪ್ಪು ಕಟ್ಟಿತ್ತು. ಅಲ್ಲಿ ಚಿವುಟಿದರೂ ನೋವಾಗುತ್ತಿರಲಿಲ್ಲ.

ಅವಳು ಸ್ಟೇಷನ್ನಿನ ಆಳಲ್ಲ, ಕಂಟ್ರಾಕ್ಟಿನ ಆಳು. ಆಪರೇಟರ್ ಕೂರುವ ಕೋಣೆಗೆ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲನ್ನು ಅವಳು ಹತ್ತುವಂತಿರಲಿಲ್ಲ. ಒಳಗೆ ಕುಡಿಯುವ ನೀರಿನ ಫಿಲ್ಟರ್ ಇತ್ತು, ಅದರ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂದು ಬರೆದಿತ್ತು. ದಿನಕ್ಕೆ ನಲವತ್ತೆಂಟು ಕೊಡ ಹೊರುವವಳಿಗೆ ಬಾಯಾರಿದರೆ ತೊಟ್ಟಿಯ ನಲ್ಲಿಗೇ ಬಾಯಿ ಹಿಡಿಯಬೇಕಿತ್ತು.

ಮೊದಲ ವರ್ಷ ಅವಳಿಗೆ ಈ ಕೆಲಸ ಹುಚ್ಚರದ್ದು ಅನ್ನಿಸಿತ್ತು. ಒಂದು ದಿನ ಆಪರೇಟರನ್ನೇ ಕೇಳಿದಳು.

"ಗಿಡ ಇಲ್ಲ, ಮರ ಇಲ್ಲ. ಮಣ್ಣಿಗೆ ಯಾಕಣ್ಣ ನೀರು ಹಾಕೋದು?"

ಆಪರೇಟರ್ ಕೆಟ್ಟವನಲ್ಲ. ಮೆಟ್ಟಿಲ ಮೇಲೆ ನಿಂತೇ ಬೆರಳು ತೋರಿಸಿ ಹೇಳಿದ. "ಅಲ್ಲಿ ಪಿಂಗಾಣಿ ಕಂಬ ಕಾಣುತ್ತಲ್ಲ, ಅದಕ್ಕೆ ಅರೆಸ್ಟರ್ ಅಂತಾರೆ. ಸಿಡಿಲು ಹೊಡೆದಾಗ ತಂತೀಲಿ ಕರೆಂಟು ಒಂದೇ ಸಲ ಉಕ್ಕುತ್ತೆ. ಹತ್ತು ಪಟ್ಟು, ನೂರು ಪಟ್ಟು. ಆ ಏಟನ್ನ ಹಿಡಿದು ಅದು ಗುಂಡಿಗೆ ಇಳಿಸುತ್ತೆ. ಗುಂಡಿ ತುಂಬ ಉಪ್ಪು, ಇದ್ದಲು. ಅದು ಒದ್ದೆ ಇದ್ರೆ ಏಟು ಭೂಮಿಗೆ ಹೋಗುತ್ತೆ."

"ಒಣಗಿದ್ರೆ?"

"ಇನ್ನೆಲ್ಲಿಗೆ ಹೋಗುತ್ತೆ? ತಿರುಗಿ ಏಳುತ್ತೆ. ಮುಂದಿನ ತಂತಿ ಹಿಡ್ಕೊಂಡು ಸಿಕ್ಕಿದ ಮನೆಗೆ ನುಗ್ಗುತ್ತೆ."

ನೀರಕ್ಕ ಹಿಂದಿನ ಬೇಲಿಯ ಕಡೆ ನೋಡಿದಳು. ಅಲ್ಲಿಂದ ಹೊರಟ ತಂತಿ ಮೊದಲು ಹೋಗುತ್ತಿದ್ದುದು ಅವಳ ಕೇರಿಗೆ. ಮನೆಗಳೆಲ್ಲ ಶೀಟಿನವು. ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಅವತ್ತಿನಿಂದ ಅವಳು ಒಂದು ಕೊಡವನ್ನೂ ತಪ್ಪಿಸಲಿಲ್ಲ. ಜ್ವರ ಬಂದ ದಿನವೂ ಕುಂಟುತ್ತ ಬಂದು ಸುರಿದು ಹೋದಳು.

ಮನೆಯಲ್ಲಿ ಗಂಡ ಮಲಗಿದ್ದ. ಲಾರಿಯಿಂದ ಚೀಲ ಇಳಿಸುವಾಗ ಬೆನ್ನು ಮುರಿದುಕೊಂಡು ಒಂದೂವರೆ ವರ್ಷವಾಗಿತ್ತು. ಅವನ ತಂಗಿ ಹೊಲಿಗೆ ಹಾಕುತ್ತಿದ್ದಳು, ಶಾಲೆ ಮಕ್ಕಳ ಬಟ್ಟೆ. ಮೆಷಿನ್ನಿಗೆ ಮೋಟರು ಕೂರಿಸಿದ ಮೇಲೆ ದಿನಕ್ಕೆ ಹದಿನೆಂಟು ಅಂಗಿ ಮುಗಿಸುತ್ತಿದ್ದಳು. ಇಪ್ಪತ್ತೆರಡರ ಹುಡುಗಿ. ಕೈಯಲ್ಲೊಂದು ಕತ್ತರಿ, ಬಾಯಲ್ಲೊಂದು ಕತ್ತರಿ.

"ಮನೇಲಿ ಕುಡಿಯೋಕೆ ನೀರಿಲ್ಲ, ನಮ್ಮತ್ತಿಗೆ ಮಣ್ಣಿಗೆ ಕುಡಿಸಿ ಬರ್ತಾಳೆ," ಅನ್ನುತ್ತಿದ್ದಳು. "ಆ ಮಣ್ಣು ಯಾವ ಜನ್ಮದ ನೆಂಟನೋ."

ಆ ಬೇಸಿಗೆಯ ಮೊದಲಿಗೆ ಹೊಸ ಸಾಹೇಬ ಬಂದ. ಸ್ಟೇಷನ್ನಿನ ಹಿಂದೆಯೇ ಅವನ ಮನೆ. ಮನೆ ಮುಂದೆ ಹುಲ್ಲು ಹಾಕಿಸಿದ. ಲಾರಿಯಲ್ಲಿ ಚಾಪೆಯಂತೆ ಸುತ್ತಿ ತಂದ ಹುಲ್ಲು. ಅಷ್ಟರಲ್ಲಿ ಬೋರಿನ ನೀರು ಇಳಿಯಿತು. ತೊಟ್ಟಿ ಅರ್ಧವೂ ತುಂಬಲಿಲ್ಲ. ಕಂಟ್ರಾಕ್ಟಿನ ಮೇಸ್ತ್ರಿ ನಲ್ಲಿಗೆ ಬೀಗ ಹಾಕಿದ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದ.

"ಇವತ್ತಿಂದ ನೀರು ಸಾಹೇಬರ ಹುಲ್ಲಿಗೆ. ನಲವತ್ತೆಂಟು ಕೊಡ. ಒಂದು ಕಮ್ಮಿ ಆದ್ರೂ ಹುಲ್ಲು ಹೇಳುತ್ತೆ."

"ಗುಂಡಿಗೆ ಮೇಸ್ತ್ರಿಗಳೇ?"

"ಗುಂಡಿಗೆ ಪುಸ್ತಕದಲ್ಲಿ ಹಾಕು." ನೀರಿನ ಪುಸ್ತಕ ಮುಂದೆ ಹಿಡಿದ. ದಿನಾ ಎಷ್ಟು ಸುರಿದಳೆಂದು ಅವನು ಬರೆಯುವುದು, ಅವಳು ಸೈನ್ ಮಾಡುವುದು. ಹಾಗೆ ನಡೆದುಕೊಂಡು ಬಂದಿತ್ತು. "ನಾನು ಬರೀತೀನಿ. ನೀನು ಗೀಚು."

ಅವಳು ಗೀಚಲಿಲ್ಲ. ಸಾಹೇಬನನ್ನು ನೋಡಬೇಕೆಂದು ಮೆಟ್ಟಿಲ ಕೆಳಗೆ ನಿಂತಳು. ಒಂದು ತಾಸು ಬಿಸಿಲಲ್ಲಿ ನಿಂತಳು. ಸಾಹೇಬ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತ ಹೊರಗೆ ಬಂದ.

"ಏನಂತೆ?"

"ಸಾರ್, ಗುಂಡಿ ಒಣಗ್ತಾ ಇದೆ."

"ಮಣ್ಣಿಗೆ ಬಾಯಾರಿಕೆ ಆಗಿದೆ ಅಂತ ಹೇಳೋಕೆ ಬಂದ್ಯಾ?"

ಮೇಸ್ತ್ರಿ ನಕ್ಕ. ಅವಳು ಬಿಡಲಿಲ್ಲ. "ಸಿಡಿಲು ಬಂದ್ರೆ ಏಟು ನಮ್ಮ ಕೇರಿಗೆ ಬರುತ್ತಂತೆ ಸಾರ್."

ಸಾಹೇಬ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ನಾನು ಓದಿರೋದು ಇದನ್ನೇ. ನೀನೆಷ್ಟು ಓದಿದೀಯ?"

"ಹೆಸರು ಬರೀತೀನಿ ಸಾರ್."

"ಸಾಕು. ನಮಗೆ ಬೇಕಾಗಿರೋದು ಅಷ್ಟೇ."

ಮಾರನೆಯ ದಿನ ಅವಳು ಕೇರಿಯ ಬೀದಿನಲ್ಲಿಯಿಂದ ಐದು ಕೊಡ ಹೊತ್ತು ತಂದು ಅರೆಸ್ಟರಿನ ಬುಡದ ಗುಂಡಿಗೆ ಸುರಿದಳು. ಆರನೆಯ ಕೊಡಕ್ಕೆ ಹೋದಾಗ ಹೆಂಗಸರು ಅಡ್ಡ ನಿಂತರು. "ನಮ್ಮ ಪಾಲಿನ ನೀರು ಒಯ್ದು ಸರ್ಕಾರದ ಗುಂಡಿಗೆ ಹಾಕ್ತೀಯಾ? ನಾಚಿಕೆ ಇಲ್ವಾ?" ಒಬ್ಬಳು ಕೊಡ ಕಿತ್ತು ನೆಲಕ್ಕೆ ಒದ್ದಳು. ಅವರದ್ದೂ ತಪ್ಪಲ್ಲ. ಅಲ್ಲಿ ನಲ್ಲಿ ಬರುತ್ತಿದ್ದುದು ದಿನಕ್ಕೆ ಮುಕ್ಕಾಲು ಗಂಟೆ.

ಅದರ ಮರುದಿನ ಮಧ್ಯಾಹ್ನ ಮೇಸ್ತ್ರಿ ಹೇಳಿದ, "ಸೈನ್ ಮಾಡ್ತೀಯೋ, ಬೇರೆ ಹೆಂಗಸನ್ನ ಹುಡುಕ್ಲೋ? ಹೊರಗೆ ಸಾಲು ನಿಂತಿದಾರೆ."

ಅವಳಿಗೆ ಗಂಡನ ಬೆನ್ನು ನೆನಪಾಯಿತು. ಸೈನ್ ಮಾಡಿದಳು.

ಆಮೇಲೆ ಸುಲಭವಾಯಿತು. ಅದೇ ಸೊಂಟ, ಅದೇ ಕೊಡ, ಅದೇ ಲೆಕ್ಕ. ನೀರು ಮಾತ್ರ ಹುಲ್ಲಿಗೆ. ಹುಲ್ಲು ಗಿಣಿಯ ಬಣ್ಣಕ್ಕೆ ತಿರುಗಿತು. ಗುಂಡಿಗಳ ಮಣ್ಣು ಬಿರುಕು ಬಿಟ್ಟು, ಬಿರುಕಿನಿಂದ ಉಪ್ಪು ಬೆಳ್ಳಗೆ ಮೇಲೆದ್ದಿತು. ಒಂದು ದಿನ ಆಪರೇಟರ್ ಮೀಟರು ಇಟ್ಟು ಗುಂಡಿ ಅಳೆಯುವುದನ್ನು ಅವಳು ನೋಡಿದಳು. ಮುಳ್ಳು ನೋಡಿ ಅವನು ತುಟಿ ಕಚ್ಚಿದ. ಒಂದು ಚೀಟಿ ಬರೆದು ಸಾಹೇಬನ ಕೋಣೆಗೆ ಹೋದ. ಬರಿಗೈಯಲ್ಲಿ ಹೊರಗೆ ಬಂದ. ಅವಳ ಕಡೆ ನೋಡದೆ ತನ್ನ ಕುರ್ಚಿಯಲ್ಲಿ ಹೋಗಿ ಕೂತ.

ನಲವತ್ತಾರು ದಿನ ಹೀಗೆ ನಡೆಯಿತು. ನಲವತ್ತಾರು ಸೈನ್.

ನಲವತ್ತೇಳನೆಯ ದಿನ ನಾಲ್ಕು ಗಂಟೆಗೆ ಮೋಡ ಕವಿಯಿತು. ಒಂದು ಹನಿಯೂ ಬಿದ್ದಿರಲಿಲ್ಲ. ನೀರಕ್ಕ ಹುಲ್ಲಿನ ಮೇಲೆ ಬಗ್ಗಿ ಕೊಡ ಸುರಿಯುತ್ತಿದ್ದಳು. ಕಣ್ಣ ಮುಂದೆ ಬೆಳ್ಳಗಾಯಿತು. ಆಮೇಲೆ ಶಬ್ದ. ಪಿಂಗಾಣಿ ಕಂಬ ಒಡೆದು ಚೂರುಗಳು ಜಲ್ಲಿಯ ಮೇಲೆ ಬಿದ್ದವು. ಹಿಂದಿನ ಬೇಲಿ ದಾಟುವ ಕರೆಂಟ್ ತಂತಿಯ ಮೇಲೆ ನೀಲಿ ಬೆಂಕಿಯೊಂದು ಹಲ್ಲಿಯಂತೆ ಹರಿದು ಹೋಯಿತು. ಕೇರಿಯ ಕಡೆಗೆ.

ಅವಳು ಕೊಡ ಎಸೆದು ಓಡಿದಳು.

ಕೇರಿಯ ಬಾಯಲ್ಲೇ ಸುಟ್ಟ ವೈರಿನ ವಾಸನೆ ಇತ್ತು. ಬಲ್ಬುಗಳು ಒಡೆದು ಬೀದಿಗೆ ಬಿದ್ದಿದ್ದವು. ಗೋಡೆಗಳಲ್ಲಿ ಸ್ವಿಚ್ಚು ಇದ್ದ ಜಾಗದಲ್ಲಿ ಕಪ್ಪು ತೂತುಗಳಿದ್ದವು. ಇಸ್ತ್ರಿಯವನು ತನ್ನ ಹೆಂಡತಿಯನ್ನು ಬಾಗಿಲಲ್ಲಿ ಮಲಗಿಸಿಕೊಂಡು ಕೆನ್ನೆ ತಟ್ಟುತ್ತಿದ್ದ. ಅವಳ ಬೆರಳುಗಳು ಇಸ್ತ್ರಿ ಪೆಟ್ಟಿಗೆಯ ಹಿಡಿಯನ್ನು ಇನ್ನೂ ಹಿಡಿದಿದ್ದವು. ಅವಳ ಜೀವ ಹೋಗಿ ಆಗಿತ್ತು. ಅದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಗಂಡ ಹಾಸಿಗೆಯಿಂದ ಉರುಳಿ, ಮೊಣಕೈ ಊರಿ ತೆವಳುತ್ತಿದ್ದ. ಏಳಲು ಬಾರದವನು ಬಾಗಿಲ ತನಕ ತೆವಳಿ ಬಂದಿದ್ದ. ತಂಗಿ ಮೆಷಿನ್ನಿನ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ತೆರೆದೇ ಇತ್ತು. ಎರಡು ಕೈಗಳನ್ನು ಮುಂದೆ ಚಾಚಿದ್ದಳು, ಯಾರದ್ದೋ ಕೈಗಳನ್ನು ನೋಡುವಂತೆ ನೋಡುತ್ತಿದ್ದಳು. ಬೆರಳುಗಳು ಇದ್ದಲಿನ ಬಣ್ಣಕ್ಕೆ ತಿರುಗಿದ್ದವು.

"ಅತ್ತಿಗೆ, ಅಂಗಿ ಸುಟ್ಟುಹೋಯ್ತು," ಅಂದಳು. "ನಾಳೆ ಕೊಡಬೇಕಿತ್ತು."

ಆಸ್ಪತ್ರೆಯಲ್ಲಿ ಬಲಗೈಯನ್ನು ಮೊಣಕೈಯ ಮೇಲೆ ಕತ್ತರಿಸಿದರು. ಮೂರು ದಿನ ಬಿಟ್ಟು ಎಡಗೈಯನ್ನು ಮಣಿಕಟ್ಟಿನ ಬಳಿ ಕತ್ತರಿಸಿದರು. ಹುಡುಗಿ ಅಳಲಿಲ್ಲ. ಐದನೆಯ ದಿನ ಅಂದಳು, "ಅತ್ತಿಗೆ, ಮೂಗು ತುರಿಸ್ತಾ ಇದೆ." ನೀರಕ್ಕ ತುರಿಸಿದಳು. "ಅಲ್ಲಲ್ಲ, ಮೇಲೆ." ಮೇಲೆ ತುರಿಸಿದಳು. ಆಗ ಹುಡುಗಿ ಅತ್ತಳು. ಮೂಗು ಸುರಿಯಿತು. ಅದನ್ನೂ ನೀರಕ್ಕನೇ ಒರೆಸಿದಳು.

ಆರನೆಯ ದಿನ ಸಾಹೇಬ ಹೇಳಿಕಳಿಸಿದ. ಮೇಸ್ತ್ರಿ ಸ್ಟೇಷನ್ನಿನ ಬಾಗಿಲಲ್ಲಿ ಕಾಯುತ್ತಿದ್ದ. "ಹತ್ತು, ಹತ್ತು," ಅಂದ. ಏಳು ವರ್ಷದಲ್ಲಿ ಮೊದಲ ಸಲ ಅವಳು ಆ ಮೂರು ಮೆಟ್ಟಿಲು ಹತ್ತಿದಳು. ಕೋಣೆ ತಣ್ಣಗಿತ್ತು. ಕುರ್ಚಿ ಕೊಟ್ಟರು. ಮೇಸ್ತ್ರಿಯೇ ಫಿಲ್ಟರಿನಿಂದ ಗಾಜಿನ ಲೋಟಕ್ಕೆ ನೀರು ಹಿಡಿದು ಮುಂದಿಟ್ಟ.

"ನಾಳೆ ಮೇಲಿನಿಂದ ವಿಚಾರಣೆಗೆ ಬರ್ತಾರೆ," ಸಾಹೇಬ ಮೆತ್ತಗೆ ಹೇಳಿದ. "ಗುಂಡಿಗೆ ದಿನಾ ನೀರು ಹಾಕಿದೀನಿ ಅಂತ ಹೇಳು. ನಿನ್ನ ಪುಸ್ತಕದಲ್ಲಿ ಇರೋದೇ ಅದು. ನಿಮ್ಮ ಕೇರಿಯವರು ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟು ಕದೀತಿದ್ರು, ಅದಕ್ಕೇ ಹಿಂಗಾಯ್ತು."

"ಕೇರೀಲಿ ಎಲ್ಲರ ಮನೇಲೂ ಮೀಟರಿದೆ ಸಾರ್."

"ಹನ್ನೊಂದು ಜನರ ಮೇಲೆ ಕೇಸಾಗಿದೆ. ಇಸ್ತ್ರಿಯವನೂ ಒಬ್ಬ. ಅದು ನಿನಗೆ ಬೇಡ. ನಿನಗೆ ಕಾಯಂ ಕೆಲಸ ಕೊಡಿಸ್ತೀನಿ. ಇದೇ ಆಫೀಸಲ್ಲಿ, ನೆರಳಲ್ಲಿ."

ಅವಳು ಲೋಟದ ನೀರು ನೋಡುತ್ತ ಕೂತಿದ್ದಳು. ಸಾಹೇಬನ ದನಿ ಬದಲಾಯಿತು.

"ಒಣಗಿತ್ತು ಅಂದ್ಯೋ, ನಲವತ್ತಾರು ಸೈನ್ ನಿಂದೇ. ನಂದು ಒಂದೂ ಇಲ್ಲ. ಜೈಲಿಗೆ ಹೋಗೋಳು ಯಾರು, ಯೋಚನೆ ಮಾಡು."

ಅವಳು ಎದ್ದಳು. ನೀರು ಮುಟ್ಟಲಿಲ್ಲ. ಕೆಳಗಿಳಿಯುವಾಗ ನಾಲ್ಕು ಆಳುಗಳು ಟ್ಯಾಂಕರಿನಿಂದ ಪೈಪು ಎಳೆದು ಹನ್ನೆರಡು ಗುಂಡಿಗಳಿಗೂ ನೀರು ಬಿಡುತ್ತಿದ್ದುದು ಕಂಡಿತು.

ಮನೆಯಲ್ಲಿ ಗಂಡ ಎಲ್ಲ ಕೇಳಿ ಗೋಡೆಯ ಕಡೆ ಮುಖ ಮಾಡಿದ. "ಹೇಳಿಬಿಡು," ಅಂದ. "ಅವಳ ಕೈ ಮತ್ತೆ ಬರೋದಿಲ್ಲ. ಮೂರು ಹೊಟ್ಟೆ ಇದೆ. ಕೈಯಿರೋಳು ನೀನೊಬ್ಬಳೇ."

"ಇಸ್ತ್ರಿಯವನಿಗೆ ಏನಂತ ಹೇಳಲಿ? ಹೆಂಡತೀನ ಸಾಯಿಸಿದ ಕಳ್ಳ ನೀನೇ ಅನ್ನಲಾ?"

ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ.

ಆಸ್ಪತ್ರೆಗೆ ಹೋಗಿ ಅವಳು ನಾದಿನಿಯ ಹಾಸಿಗೆಯ ಪಕ್ಕ ನಿಂತಳು. ಕೂರಲು ಧೈರ್ಯ ಬರಲಿಲ್ಲ. ಎಲ್ಲ ಹೇಳಿದಳು. ಹುಲ್ಲು, ಬೀಗ, ಪುಸ್ತಕ, ಸೈನ್. ಹುಡುಗಿ ತಾರಸಿ ನೋಡುತ್ತ ಕೇಳಿದಳು.

"ಎಷ್ಟು ದಿನ?"

"ನಲವತ್ತಾರು."

"ದಿನಾ ಸಂಜೆ ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತು ಅಂಗಿಗಳಿಗೆ ಕಾಜಾ ಹೊಲೀತಿದ್ದೆ ನೀನು."

"ಹೂಂ."

"ಒಂದು ದಿನ ಬಾಯಿ ಬಿಡಬೇಕು ಅನ್ನಿಸಲಿಲ್ವಾ? ಮೆಷಿನ್ ಮುಟ್ಟಬೇಡ ಕಣೇ ಅಂತ, ಅಷ್ಟು?"

ನೀರಕ್ಕನಿಗೆ ಅನ್ನಿಸಿತ್ತು. ಹೇಳಿದರೆ ಬೈಯುತ್ತಾಳೆ, ಕೇರಿಗೆಲ್ಲ ಸಾರುತ್ತಾಳೆ, ಕೆಲಸ ಹೋಗುತ್ತದೆ ಎಂದು ನುಂಗಿದ್ದಳು. ಈಗ ಅದನ್ನೂ ಹೇಳಿದಳು.

ಹುಡುಗಿ ಮಗ್ಗುಲಿಗೆ ತಿರುಗಲು ನೋಡಿದಳು. ಊರಲು ಕೈಯಿರಲಿಲ್ಲ. ಅರ್ಧಕ್ಕೆ ನಿಂತಳು. ನೀರಕ್ಕ ಹಿಡಿಯಲು ಬಗ್ಗಿದಾಗ, "ಮುಟ್ಟಬೇಡ," ಅಂದಳು. ಹಾಗೇ ವಾರೆಯಾಗಿ, ನೋವಿನಲ್ಲೇ ಮಲಗಿ ಅಂದಳು, "ನನ್ನ ಮುಂದೆ ಹೇಳಿದ್ಯಲ್ಲ, ಅದನ್ನ ಅವರ ಮುಂದೆ ಹೇಳು. ಇಲ್ಲಾಂದ್ರೆ ಇನ್ನೊಂದು ಸಲ ಇಲ್ಲಿಗೆ ಬರಬೇಡ."

ವಿಚಾರಣೆಯ ದಿನ ಅಂಗಳದ ಕರೆಂಟು ತೆಗೆದಿದ್ದರು. ಬೇಲಿಯ ಹೊರಗೆ ಕೇರಿಯವರು ನಿಂತಿದ್ದರು. ಮೇಲಿನಿಂದ ಬಂದ ಅಧಿಕಾರಿ ನೆರಳಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದ. ಮುಂದೆ ನೀರಿನ ಪುಸ್ತಕ. ಮೊದಲು ಆಪರೇಟರನ್ನು ಕೇಳಿದ.

"ಈ ಎರಡು ತಿಂಗಳಲ್ಲಿ ಗುಂಡಿ ಅಳೆದಿದ್ರಾ?"

ಆಪರೇಟರ್ ನೀರಕ್ಕನ ಕಡೆ ನೋಡಿದ. ಅವನ ಪೆನ್ಷನ್ನಿಗೆ ಎರಡು ವರ್ಷ ಇತ್ತು. "ನೆನಪಿಲ್ಲ ಸಾರ್," ಅಂದ.

ನೀರಕ್ಕನ ಸರದಿ ಬಂತು. ಕೂರಲು ಹೇಳಲಿಲ್ಲ.

"ಈ ಸೈನ್ ನಿಂದೇನಾ?"

"ನಂದೇ."

"ದಿನಾ ನೀರು ಹಾಕಿದೀಯ?"

"ಇಲ್ಲ. ನಲವತ್ತಾರು ದಿನ ಒಂದು ಕೊಡವನ್ನೂ ಹಾಕಿಲ್ಲ. ಸಾಹೇಬರ ಮನೆ ಹುಲ್ಲಿಗೆ ಹಾಕಿದೆ. ಮೇಸ್ತ್ರಿಗಳು ಬರೆದ್ರು, ನಾನು ಸೈನ್ ಮಾಡಿದೆ."

ಸಾಹೇಬ ನಕ್ಕ. "ನಾದಿನಿಗೆ ಹಂಗಾದ ಮೇಲೆ ಇವಳ ತಲೆ ಸರಿಯಿಲ್ಲ ಸಾರ್. ನೀವೇ ನೋಡಿದಿರಲ್ಲ, ಎಲ್ಲ ಗುಂಡೀಲೂ ನೀರು ನಿಂತಿದೆ."

ನಿಂತಿತ್ತು, ನಿಜ. ಹನ್ನೆರಡರಲ್ಲೂ ಕೆಸರು ಹೊಳೆಯುತ್ತಿತ್ತು.

"ಅದು ನಿನ್ನೆ ಬಿಟ್ಟ ನೀರು," ಅಂದಳು. "ಎರಡು ತಿಂಗಳು ಒಣಗಿದ ಮಣ್ಣು ಒಂದು ದಿನಕ್ಕೆ ಕುಡಿಯಲ್ಲ. ಅಗೆದು ನೋಡಿ."

"ಅಗೆಯೋದೆಲ್ಲ ಬೇಡ," ಅಂದ ಸಾಹೇಬ. "ಈ ಕೆಲಸಕ್ಕೆ ಸಮಯ ಎಲ್ಲಿದೆ?"

ಶೆಡ್ಡಿನ ಗೋಡೆಗೆ ಹಾರೆ ಒರಗಿಸಿತ್ತು. ನೀರಕ್ಕ ಹೋಗಿ ತೆಗೆದುಕೊಂಡಳು. ಮೇಸ್ತ್ರಿ ಓಡಿ ಬಂದು ಅವಳ ತೋಳು ಹಿಡಿದ.

"ಕೈ ಬಿಡು," ಅಂದಳು.

ಏಳು ವರ್ಷ ಅವಳು ಅವನಿಗೆ 'ನೀವು' ಅಂದಿದ್ದಳು. ಅವನು ಹಿಡಿತ ಬಿಗಿ ಮಾಡಿ ತಿರುಚಿದ. ರವಿಕೆಯ ತೋಳು ಹರಿಯಿತು. ಅವಳು ಹಾರೆ ಬಿಡಲಿಲ್ಲ. "ನನಗಿರೋದು ಎರಡೇ ಕೈ. ಈಗ ಮೂರು ಜನಕ್ಕೂ ಇವೇ ಕೈ. ಬಿಡು."

ಬೇಲಿಯ ಆಚೆ ಗದ್ದಲ ಎದ್ದಿತು. ಇಸ್ತ್ರಿಯವನು ಬೇಲಿಯ ತಂತಿ ಹಿಡಿದು ಅಲ್ಲಾಡಿಸುತ್ತಿದ್ದ. ಅಧಿಕಾರಿ ಜನವನ್ನು ನೋಡಿದ, ಗಡಿಯಾರ ನೋಡಿದ. "ಅಗೀಲಿ ಬಿಡಿ, ಐದು ನಿಮಿಷ," ಅಂದ.

ಐದು ನಿಮಿಷಕ್ಕೆ ಆಗುವ ಕೆಲಸವಲ್ಲ ಅದು. ಅರೆಸ್ಟರಿನ ಬುಡದ ಗುಂಡಿಯ ಬಾಯಿಗೆ ಹಾಕಿದ್ದ ಸಿಮೆಂಟಿನ ಅಂಚು ಒಡೆದಳು. ಮೇಲಿನ ಒಂದು ಗೇಣು ಕೆಸರು. ಅದನ್ನು ಕೈಯಲ್ಲೇ ಬಾಚಿ ಎಸೆದಳು. ಕೆಸರಿನ ಕೆಳಗೆ ಹಾರೆ ಕಲ್ಲಿಗೆ ತಗುಲಿದಂತೆ ಠಣ್ಣೆಂದಿತು. ನೀರು ಗುಂಡಿಯ ಪಕ್ಕದ ಬಿರುಕು ಹಿಡಿದು ಇಳಿದು ಹೋಗಿತ್ತು. ನಡು ಹಾಗೇ ಇತ್ತು. ಹಾರೆ ಎತ್ತಿ ಹಾಕಿದಳು, ಎತ್ತಿ ಹಾಕಿದಳು. ಅಂಗೈಯ ಬೊಬ್ಬೆ ಒಡೆದು ಹಾರೆ ಜಾರತೊಡಗಿತು. ಸೆರಗಿನಿಂದ ಕೈ ಸುತ್ತಿಕೊಂಡಳು. ಯಾರೂ ಒಂದು ಸನಿಕೆ ಕೊಡಲಿಲ್ಲ. ಮುಕ್ಕಾಲು ಗಂಟೆ ಎಲ್ಲರೂ ನೆರಳಲ್ಲಿ ನಿಂತು ನೋಡಿದರು. ಸೊಂಟದುದ್ದ ಇಳಿದಾಗ ಬಗ್ಗಿ ಎರಡು ಕೈ ತುಂಬ ಬಾಚಿಕೊಂಡು ಮೇಲೆ ಬಂದಳು.

ಬೆಲ್ಲದ ಅಚ್ಚಿನಷ್ಟು ದೊಡ್ಡ ಉಪ್ಪಿನ ಹೆಂಟೆಗಳು. ಮೂಳೆಯಂತೆ ಬಿಳಿ, ಮೂಳೆಯಂತೆ ಒಣಗಿದ್ದವು. ಅವುಗಳ ಸಂದಿಯಿಂದ ಇದ್ದಲ ಹುಡಿ ಗಾಳಿಗೆ ಹಾರಿತು. ಎಲ್ಲವನ್ನೂ ನೀರಿನ ಪುಸ್ತಕದ ಮೇಲೆ ಸುರಿದಳು. ಇದ್ದಲ ಹುಡಿ ಅಧಿಕಾರಿಯ ಬಿಳಿ ಅಂಗಿಗೆ ಹಾರಿತು.

"ಇದು ಒದ್ದೆನಾ, ಹೇಳಿ," ಅಂದಳು.

ಅಧಿಕಾರಿ ಅಂಗಿ ಒದರಿಕೊಂಡ. ಆಮೇಲೆ ಬರೆದುಕೊಂಡ. ಬರೆಯದೆ ಇರಲು ಆಗಲಿಲ್ಲ. ಬೇಲಿಯ ಆಚೆ ಅಷ್ಟು ಕಣ್ಣುಗಳಿದ್ದವು.

ವರದಿ ತಿಂಗಳಿಗೆ ಬಂತು. ಗುಂಡಿಗಳು ಒಣಗಿದ್ದು ನಿಜ. ಏಟು ಕೇರಿಗೆ ನುಗ್ಗಿದ್ದು ಅದರಿಂದಲೇ. ಕೇರಿಯವರು ಕೊಕ್ಕೆ ಹಾಕಿದ್ದಕ್ಕೆ ಸಾಕ್ಷಿಯಿಲ್ಲ. ಹನ್ನೊಂದು ಜನರ ಮೇಲಿನ ಕೇಸು ಬಿದ್ದುಹೋಯಿತು. ಹುಲ್ಲಿನ ಮಾತು ವರದಿಯಲ್ಲಿ ಒಂದು ಅಕ್ಷರವೂ ಇರಲಿಲ್ಲ. ಗುಂಡಿ ಯಾಕೆ ಒಣಗಿತು ಅನ್ನುವುದಕ್ಕೆ ಒಂದೇ ಕಾರಣ ಕೊಟ್ಟಿದ್ದರು: ನೀರು ಹಾಕುವ ಹೆಂಗಸು ಕೆಲಸ ಮಾಡದೆ ಸುಳ್ಳು ಸೈನ್ ಮಾಡಿದ್ದಾಳೆ, ತಪ್ಪನ್ನು ತಾನೇ ಒಪ್ಪಿಕೊಂಡಿದ್ದಾಳೆ. ಸಾಹೇಬನಿಗೆ ಇದಕ್ಕಿಂತ ದೊಡ್ಡ ಸ್ಟೇಷನ್ನಿಗೆ ವರ್ಗವಾಯಿತು. ಹೋಗುವಾಗ ಹುಲ್ಲನ್ನು ಸುತ್ತಿಸಿ ಲಾರಿಗೆ ಹಾಕಿಸಿಕೊಂಡು ಹೋದ.

ಪೊಲೀಸರು ಬೆಳಿಗ್ಗೆ ಹತ್ತಕ್ಕೆ ಬಂದು ನೀರಕ್ಕನನ್ನು ಕರೆದೊಯ್ದರು. ಠಾಣೆಯಲ್ಲಿ ಒಂದು ಹಾಳೆ ಮುಂದಿಟ್ಟು ಸೈನ್ ಮಾಡು ಅಂದರು. "ಏನು ಬರೆದಿದೀರೋ ಓದಿ ಹೇಳಿ," ಅಂದಳು. ಒಬ್ಬ ಮಹಿಳಾ ಪೊಲೀಸ್ ಕೆನ್ನೆಗೆ ಹೊಡೆದಳು. "ಓದಿ," ಅಂದಳು ನೀರಕ್ಕ ಮತ್ತೆ. ಮತ್ತೆ ಏಟು ಬಿತ್ತು. ಮಧ್ಯಾಹ್ನದ ತನಕ ಹೀಗೇ ನಡೆಯಿತು. ಕೆಳಗಿನ ಎರಡು ಹಲ್ಲು ಸಡಿಲವಾದವು. ಸೈನ್ ಬೀಳಲಿಲ್ಲ. ಐವತ್ತೆರಡು ದಿನ ಒಳಗಿದ್ದಳು. ಜಾಮೀನಿಗೆ ಇಸ್ತ್ರಿಯವನು ನಿಂತ.

ಮನೆಗೆ ಬಂದಾಗ ನಾದಿನಿ ಬಾಗಿಲಲ್ಲಿ ಕೂತಿದ್ದಳು. ಮೊಂಡಾದ ಎಡಗೈಯಿಂದ ಬಾಗಿಲು ದೂಡಿ ದಾರಿ ಬಿಟ್ಟಳು.

"ನನ್ನ ಸಿಟ್ಟು ಹೋಗಿಲ್ಲ," ಅಂದಳು.

"ಗೊತ್ತು."

"ಹೋಗೋದೂ ಇಲ್ಲ." ಬೆನ್ನು ತಿರುಗಿಸಿ ಕೂತು ಅಂದಳು, "ಜಡೆ ಹಾಕು. ಅಣ್ಣನಿಗೆ ಬರಲ್ಲ, ಎಳೆದು ಎಳೆದು ತಲೆ ಬೋಳು ಮಾಡ್ತಿದಾನೆ."

ನೀರಕ್ಕ ಬಾಚಣಿಗೆ ತಂದು ಹಿಂದೆ ಕೂತಳು. ಕೂದಲು ಗಂಟುಗಂಟಾಗಿತ್ತು. ಒಂದೊಂದೇ ಗಂಟು ಬಿಡಿಸತೊಡಗಿದಳು.

ಆಗಲೇ ಮೇಸ್ತ್ರಿ ಬಂದ. ಕೇರಿಯ ಮನೆಮನೆಯ ಮುಂದೆ ನಿಂತು ಕೇಳುತ್ತ ಬರುತ್ತಿದ್ದ. ಎರಡು ವಾರದಿಂದ ಬರುತ್ತಿದ್ದನಂತೆ. ಗುಂಡಿಗೆ ನೀರು ಹೊರಲು ಆಳು ಸಿಕ್ಕಿರಲಿಲ್ಲ. ಬಾಗಿಲುಗಳು ಅವನ ಮುಖಕ್ಕೇ ಮುಚ್ಚಿಕೊಳ್ಳುತ್ತಿದ್ದವು. ಕತ್ತು ಎತ್ತದೆ ಈ ಬಾಗಿಲಿಗೂ ಬಂದು ಕೇಳಿದ.

"ನೀರು ಹೊರೋಕೆ ಯಾರಾದ್ರೂ ಹೆಂಗಸರು ಇದಾರಾ? ಬೀಗ ತೆಗೆದಿದೀವಿ. ಸೈನ್ ಗೀನ್ ಏನೂ ಬೇಡ."

ನೀರಕ್ಕನ ಕೈಯಿಂದ ಜಡೆ ಜಾರಿತು. ಅವಳು ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದಳು. ಅರ್ಧ ಹೆಣೆದ ಜಡೆ ಬಿಚ್ಚಿ ಬೆನ್ನ ಮೇಲೆ ಹರಡಿತು. ಹೊಸ್ತಿಲು ದಾಟಿ ಬೀದಿಗಿಳಿದು ಅವನ ಎದುರು ನಿಂತಳು. ಹೆಗಲು ಕುಣಿಸಿ ತೋಳು ಮುಚ್ಚಿದ್ದ ಸೆರಗು ಬೀಳಿಸಿದಳು. ಮೊಂಡು ಕೈಗಳೆರಡನ್ನೂ ಅವನ ಎದೆಯ ಮುಂದೆ ಚಾಚಿದಳು.

"ನಾನು ಬರ್ತೀನಿ," ಅಂದಳು. "ಕೊಡ ಎಲ್ಲಿ ಸಿಕ್ಕಿಸ್ತೀಯ, ತೋರಿಸು."

ಮೇಸ್ತ್ರಿ ತಲೆ ತಗ್ಗಿಸಿ ನೆಲ ನೋಡಿದ. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಹೊರಗೆ ಬಂದು ನಿಂತರು. ಅವನು ಹಿಂದೆ ಸರಿಯಲು ನೋಡಿದ. ಹಿಂದೆ ಇಸ್ತ್ರಿಯವನಿದ್ದ.

"ನೆಲದಲ್ಲಿ ಏನಿದೆ?" ಹುಡುಗಿ ಕೇಳಿದಳು. "ಇಲ್ಲಿ ನೋಡು."